ಬೈಗುಳ ತಿಂದಿದ್ದು ಕೋಳಿ ಅಂಗಡಿಯವನು

ಹೋದ ವರ್ಷ ಏಪ್ರಿಲ್. ಮಂಡ್ಯದ ಬಿಸಿಲು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು, ಅಕ್ಕ ಭಾವ ಮಗಳನ್ನು ಕರೆದುಕೊಂಡು ಬಂದಿದ್ದರು, ಮೇಲಾಗಿ ಭಾನುವಾರ. ಕೋಳಿಸಾರು ಇಲ್ಲದೆ ಭಾವನನ್ನು ಕಳಿಸೋಕಾಗುತ್ತಾ? ನಾನೇ ಟವೆಲ್ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದೆ. ವರ್ಷಕ್ಕೆ ನಾಲ್ಕು ಸಲ ಅಡುಗೆ ಮಾಡುವ ಗಂಡಸರಿಗೆ ಒಂದು ಜಂಬ ಇರುತ್ತಲ್ಲ, ಅದು ನನಗೆ ಸ್ವಲ್ಪ ಜಾಸ್ತಿಯೇ ಇದೆ.

ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮಾಮೂಲಿ ಅಂಗಡಿಯಿಂದ ಒಂದೂವರೆ ಕೆಜಿ ಕೋಳಿ ತಂದೆ. ಜನ ಜಾಸ್ತಿ ಇದ್ದಿದ್ದರಿಂದ ಅವನು ಅವಸರದಲ್ಲಿ ದೊಡ್ಡ ದೊಡ್ಡ ತುಂಡು ಮಾಡಿದ್ದ. ಮನೆಗೆ ಬಂದು ಸಿಂಕಿನಲ್ಲಿಟ್ಟು, ನಲ್ಲಿ ಪೂರ್ತಿ ತಿರುಗಿಸಿ, ಮೂರು ಸಲ ತೊಳೆದೆ. ಅರಿಶಿನ ಹಚ್ಚಿ ಇನ್ನೊಂದು ಸಲ. ಕಟ್ಟೆ ಮೇಲೆಲ್ಲ ನೀರು ಚಿಮ್ಮಿತು, ಪಕ್ಕದಲ್ಲಿ ಸೋಸಿಟ್ಟಿದ್ದ ಕೊತ್ತಂಬರಿ ಸೊಪ್ಪಿಗೂ ಸಿಡಿಯಿತು. ಆಮೇಲೆ ಈಳಿಗೆಮಣೆ ಹಾಕಿಕೊಂಡು ಕೂತು ದೊಡ್ಡ ತುಂಡುಗಳನ್ನೆಲ್ಲ ಸಣ್ಣಗೆ ಮಾಡಿದೆ. ಈಳಿಗೆಮಣೆಯನ್ನು ನಲ್ಲಿ ಕೆಳಗೆ ಹಿಡಿದು, ಅಡುಗೆಮನೆ ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ನಾಲ್ಕು ಸೌತೆಕಾಯಿ, ಮೂರು ಈರುಳ್ಳಿ ಹೆಚ್ಚಿದೆ.

ಆವತ್ತಿನ ಕಥೆಯೆಲ್ಲ ಈ ಒಂದು ವಾಕ್ಯದಲ್ಲೇ ಇದೆ. ಆದರೆ ಇದು ನಮಗೆ ಹೊಳೆಯೋಕೆ ಐದು ದಿನ ಬೇಕಾಯಿತು, ಅಷ್ಟರಲ್ಲಿ ಒಬ್ಬ ಪಾಪದವನು ಬೈಸಿಕೊಂಡಿದ್ದ.

ಊಟ ಚೆನ್ನಾಗಾಯಿತು. ಮುದ್ದೆ ಅಪ್ಪ ಕಟ್ಟಿದರು, ಅದು ಅವರ ಕೆಲಸ, ಯಾರಿಗೂ ಬಿಟ್ಟುಕೊಡಲ್ಲ. ಅಕ್ಕ ಧರ್ಮಸ್ಥಳಕ್ಕೆ ಹೋಗುವ ಹರಕೆ ಇದೆ ಅಂತ ಕೋಳಿ ಮುಟ್ಟಲಿಲ್ಲ. ಅನ್ನ, ತಿಳಿಸಾರು, ಎರಡು ಹೋಳು ಸೌತೆಕಾಯಿ. ಭಾವ ಸೌತೆಕಾಯಿ ಮುಟ್ಟಲ್ಲ, ತಿಂದರೆ ಶೀತ ಆಗುತ್ತಂತೆ, ಆದರೆ ಕೋಳಿ ಚೆನ್ನಾಗಿಯೇ ಬಾರಿಸಿದರು. ನನ್ನ ಮಗನಿಗೆ ಹಸಿರು ಬಣ್ಣದ್ದೇನೂ ಆಗಲ್ಲ. ಹಾಗಾಗಿ ಸೌತೆಕಾಯಿ ತಟ್ಟೆಯಲ್ಲಿ ಅರ್ಧ ಉಳಿಯಿತು. ಜಾಲರಿ ಮುಚ್ಚಿ ಟೇಬಲ್ ಮೇಲೆ ಬಿಟ್ಟೆವು. ಸಂಜೆ ಆರಕ್ಕೆ ಅಕ್ಕ ಚುರುಮುರಿ ಮಾಡಿದಳು, ಉಳಿದಿದ್ದ ಸೌತೆಕಾಯಿ ಈರುಳ್ಳಿಯನ್ನೇ ಸಣ್ಣಗೆ ಹೆಚ್ಚಿ ಹಾಕಿದಳು. ಭಾವ ಆಗ ಸ್ನೇಹಿತರನ್ನು ನೋಡೋಕೆ ಹೋಗಿದ್ದರು. ಮಗ ಬರೀ ಮಂಡಕ್ಕಿ ಆರಿಸಿಕೊಂಡು ತಿಂದ. ನಾನು, ಅಪ್ಪ, ಅಕ್ಕ, ಅಕ್ಕನ ಮಗಳು, ನಾವು ನಾಲ್ಕು ಜನ ಡಬರಿ ಖಾಲಿ ಮಾಡಿದೆವು.

ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿ ನನಗೆ ಹೊಟ್ಟೆ ಹಿಂಡೋಕೆ ಶುರುವಾಯಿತು. ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ತಿಂದಿದ್ದೆ, ಚಟ್ನಿ ಹಾಳಾಗಿತ್ತು ಅಂತ ಮನಸ್ಸಿನಲ್ಲೇ ಹೋಟೆಲಿನವನಿಗೆ ಬೈದೆ. ಹೊಟ್ಟೆ ಕೆಟ್ಟರೆ ನಾವೆಲ್ಲ ಮಾಡೋದು ಇದನ್ನೇ ಅಲ್ವಾ, ಕೊನೆಗೆ ತಿಂದಿದ್ದರ ಮೇಲೆ ತಪ್ಪು ಹೊರಿಸೋದು. ಆಮೇಲೆ ಡಾಕ್ಟರು ಹೇಳಿದ್ದು: ಈ ಕಾಯಿಲೆ ಒಳಗೆ ಹೋದ 6 ಗಂಟೆಯಿಂದ 6 ದಿನದವರೆಗೆ ಯಾವಾಗ ಬೇಕಾದರೂ ತಲೆ ಎತ್ತಬಹುದು, ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ. ಅಂದರೆ ನಿನ್ನೆ ಮೊನ್ನೆ ಏನು ತಿಂದೆ ಅಂತ ಯೋಚಿಸಬೇಕು, ಬೆಳಿಗ್ಗೆಯ ಇಡ್ಲಿ ಪಾಪ ಅಷ್ಟು ಬೇಗ ಸೇಡು ತೀರಿಸಿಕೊಳ್ಳಲ್ಲ.

ಸಂಜೆ ಹೊತ್ತಿಗೆ ಅಕ್ಕನಿಗೆ ವಾಂತಿ. ರಾತ್ರಿ ಅವಳ ಮಗಳಿಗೆ ಜ್ವರ, ಭೇದಿ. ಅಪ್ಪ ಮಾತ್ರ "ನಂಗೇನಾಯ್ತದೆ, ಗರಡಿಲಿ ದಿನಾ ಹಾಲಿಗೆ ಎರಡು ಹಸಿ ಮೊಟ್ಟೆ ಒಡೆದು ಹಾಕ್ಕೊಂಡು ಕುಡಿದವನು" ಅಂತ ಮೀಸೆ ಸವರಿಕೊಂಡು ಮಲಗಿದರು. ರಾತ್ರಿ ಎರಡು ಗಂಟೆಗೆ ಬಚ್ಚಲಿನ ದೀಪ ಉರಿಯುತ್ತಿತ್ತು. ಮೂರಕ್ಕೂ ಉರಿಯುತ್ತಿತ್ತು. ನಾಲ್ಕಕ್ಕೆ ಹೋಗಿ ನೋಡಿದರೆ ಗೋಡೆ ಹಿಡಿದುಕೊಂಡು ನಿಂತಿದ್ದಾರೆ, ಮೈ ಕೆಂಡ. ಭಾವ ಸಂಜೆ ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದಿಟ್ಟಿದ್ದರು, ಅಪ್ಪ ಯಾರಿಗೂ ಹೇಳದೆ ಅದರಲ್ಲಿ ಎರಡು ನುಂಗಿದ್ದರು.

ಅವರಿಗೆ 71. ಬೆಳಕು ಹರಿಯುವಷ್ಟರಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಪ್ಪನ ನಾಲಿಗೆ ನೋಡಿದರು, ಕೈ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಅದು ಡೇರೆಯ ಹಾಗೆ ಹಾಗೇ ಎದ್ದು ನಿಂತಿತ್ತು, ನಿಧಾನಕ್ಕೆ ಕೂತಿತು. ವಯಸ್ಸಾದವರ ಚರ್ಮ ಮೊದಲೇ ಸಡಿಲ, ಅದೊಂದನ್ನೇ ನಂಬೋಕಾಗಲ್ಲ ಅಂತ ಅವರೇ ಹೇಳಿದರು, ಆದರೂ ನಾನು ಆ ಚರ್ಮವನ್ನೇ ನೋಡುತ್ತಾ ನಿಂತಿದ್ದೆ. ಬಿಪಿ 90ಕ್ಕೆ ಇಳಿದಿತ್ತು. "ಕೊನೆಗೆ ಮೂತ್ರ ಮಾಡಿದ್ದು ಯಾವಾಗ ತಾತ?" ಅಂದರೆ ಅಪ್ಪನಿಗೆ ನೆನಪಿಲ್ಲ. ಡ್ರಿಪ್ ಹಾಕಿದರು.

ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ವಿಚಿತ್ರ ಅನಿಸಿತು. "ಗ್ಯಾಸ್ ಮಾತ್ರೆ ತಗೊಳ್ತಾರಾ?" ತಗೊಳ್ತಾರೆ, ಮೂರು ವರ್ಷದಿಂದ, ದಿನಾ ಬೆಳಿಗ್ಗೆ, ಯಾರೋ ಬರೆದುಕೊಟ್ಟಿದ್ದನ್ನು ನಿಲ್ಲಿಸಿಯೇ ಇಲ್ಲ. ಹೊಟ್ಟೆಯ ಹುಳಿ ನೀರೇ ಇಂಥ ಕ್ರಿಮಿಗಳಿಗೆ ಮೊದಲ ಕಾವಲು ಅಂತೆ, ಮಾತ್ರೆ ಆ ಹುಳಿಯನ್ನೇ ಕಡಿಮೆ ಮಾಡುತ್ತೆ, ಬಾಗಿಲು ಸುಲಭವಾಗಿ ತೆರೆಯುತ್ತೆ. ಭೇದಿ ನಿಲ್ಲಿಸುವ ಮಾತ್ರೆಗೆ ಬೈಗುಳವೂ ಬಿತ್ತು. ಜ್ವರ ಇದ್ದಾಗ, ಭೇದಿಯಲ್ಲಿ ರಕ್ತ ಕಂಡಾಗ ಅದನ್ನು ನಮ್ಮಷ್ಟಕ್ಕೆ ನಾವೇ ತಗೊಳ್ಳಬಾರದಂತೆ. ಭಾವ ಬಾಗಿಲ ಹತ್ತಿರ ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

ನನಗೂ ಅಕ್ಕನಿಗೂ ಅವಳ ಮಗಳಿಗೂ ಆಂಟಿಬಯೋಟಿಕ್ ಬರೆದುಕೊಡಿ ಅಂದೆ. ಕೊಡಲ್ಲ ಅಂದರು! ದುಡ್ಡು ಕೊಟ್ಟು ಬಂದು ಬರೀ ಓಆರ್‌ಎಸ್ ಪೊಟ್ಟಣ ಹಿಡಿದುಕೊಂಡು ಹೋಗೋದಾ ಅಂತ ಸಿಟ್ಟೇ ಬಂತು. ಆರೋಗ್ಯವಾಗಿರುವವರಿಗೆ ಇದು 4ರಿಂದ 7 ದಿನದಲ್ಲಿ ತಾನಾಗಿ ಹೋಗುತ್ತೆ, ಸುಮ್ನೆ ಆಂಟಿಬಯೋಟಿಕ್ ತಿಂದರೆ ಬೇಗ ವಾಸಿಯಾಗಲ್ಲ, ಕೆಲವೊಮ್ಮೆ ಕ್ರಿಮಿ ಮಲದಲ್ಲಿ ಇನ್ನೂ ಜಾಸ್ತಿ ದಿನ ಹೋಗುತ್ತಿರುತ್ತೆ ಅಂತ ವಿವರಿಸಿದರು. ಅಪ್ಪನ ವಯಸ್ಸು, ಜ್ವರ ನೋಡಿ ಅವರಿಗೆ ಮಾತ್ರ ಕೊಟ್ಟರು. ಎಳೆ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯದಲ್ಲಿ ಕ್ರಿಮಿ ಕರುಳು ದಾಟಿ ರಕ್ತಕ್ಕೆ ಸೇರುವ ಭಯ ಜಾಸ್ತಿಯಂತೆ.

ಓಆರ್‌ಎಸ್ ಬಗ್ಗೆ ನನಗಿದ್ದ ತಾತ್ಸಾರ ಆ ವಾರ ಹೋಯಿತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆ ಬೆರೆಸಿದ ಈ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ನಮ್ಮ ಪಕ್ಕದ ಮನೆಯವರು ಮಾತ್ರ ದೊಡ್ಡ ಪೊಟ್ಟಣದಲ್ಲಿ ಅರ್ಧವನ್ನು ಒಂದು ಲೋಟಕ್ಕೆ ಸುರಿದು "ಸ್ಟ್ರಾಂಗ್ ಇರಲಿ" ಅಂತ ತಂದುಕೊಟ್ಟರು. ಅದು ಕಾಫಿ ಅಲ್ಲ. ಆ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಮೇಲೇ ಬರೆದಿರುತ್ತೆ. ಗಟ್ಟಿ ಮಾಡಿದರೆ ಭೇದಿ ಜಾಸ್ತಿಯಾಗುತ್ತೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಂಗಳವಾರ ಸಂಜೆ ಭಾವ ಕಾಣಲಿಲ್ಲ. ಎಲ್ಲಿ ಅಂದರೆ ಕೋಳಿ ಅಂಗಡಿಗೆ ಹೋಗಿ ಜಗಳ ಮಾಡಿ ಬಂದಿದ್ದರು. ಸತ್ತ ಕೋಳಿ ಕೊಟ್ಟಿದ್ದೀಯ, ಕಂಪ್ಲೇಂಟ್ ಕೊಡ್ತೀನಿ ಅಂತೆಲ್ಲ. ಅವನು "ಸಾರ್, ಅವತ್ತು ನೂರಾರು ಜನ ತಗೊಂಡೋಗವ್ರೆ, ಇನ್ಯಾರೂ ಬಂದಿಲ್ವಲ್ಲ" ಅಂದನಂತೆ. ಭಾವನಿಗೆ ಅದು ಇನ್ನೂ ಸಿಟ್ಟು ತರಿಸಿತ್ತು.

ಶುಕ್ರವಾರ ಲ್ಯಾಬಿನಿಂದ ಅಪ್ಪನ ಕಲ್ಚರ್ ರಿಪೋರ್ಟ್ ಬಂತು, ಅಂದರೆ ಹೊಟ್ಟೆಯಲ್ಲಿದ್ದ ಕ್ರಿಮಿಯನ್ನು ತಟ್ಟೆಯಲ್ಲಿ ಬೆಳೆಸಿ ಯಾವುದು ಅಂತ ಗುರುತಿಸಿದ ವರದಿ. ಸಾಲ್ಮೊನೆಲ್ಲಾ. ಭಾವ ಗಂಭೀರವಾಗಿ "ನಾವು ಸಾಲ್ಮನ್ ಮೀನು ತಿಂದೇ ಇಲ್ಲವಲ್ಲ ಡಾಕ್ಟ್ರೇ" ಅಂದರು. ಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಡೇನಿಯಲ್ ಸಾಲ್ಮನ್ ಅಂತ ಅಮೆರಿಕದ ಪಶುವೈದ್ಯರ ಹೆಸರು ಅದು. 1885ರಲ್ಲಿ ಅವರ ಕೈಕೆಳಗಿದ್ದ ಥಿಯೋಬಾಲ್ಡ್ ಸ್ಮಿತ್ ಇದನ್ನು ಹಂದಿಗಳಲ್ಲಿ ಕಂಡುಹಿಡಿದರು, ಹೆಸರು ಮಾತ್ರ ಸಾಹೇಬರದ್ದು ಉಳಿಯಿತು. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದೇನು ಹೊಸದಲ್ಲ ಬಿಡಿ. ಅಕ್ಕ "ಹಾಗಾದ್ರೆ ಟೈಫಾಯ್ಡಾ?" ಅಂತ ಹೆದರಿದಳು. ಟೈಫಾಯ್ಡ್ ತರುವುದೂ ಸಾಲ್ಮೊನೆಲ್ಲಾ ಕುಲದ್ದೇ, ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ಬರುವಂಥದ್ದು. ನಮ್ಮನ್ನು ಹಿಡಿದಿದ್ದು ಕೋಳಿ, ದನ, ಹಂದಿಗಳ ಕರುಳಿನಲ್ಲಿ ಇರುವ ದಾಯಾದಿ. ಕೋಳಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರೂ ಒಳಗೆ ಇದು ಇರಬಹುದು.

ಆ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಕಾಲೇಜಿನ ಗೆಳತಿಯೊಬ್ಬಳು ಫೋನಿನಲ್ಲಿ ಕಲ್ಚರ್ ತಟ್ಟೆಯ ಫೋಟೋ ತೋರಿಸಿದಳು. ಗುಲಾಬಿ ಕೆಂಪು ಜೆಲ್ಲಿಯಂಥದ್ದರ ಮೇಲೆ ಕರಿ ಎಳ್ಳು ಉದುರಿಸಿದ ಹಾಗೆ ಚುಕ್ಕೆಗಳು, ಒಂದೊಂದರ ಸುತ್ತಲೂ ತೆಳ್ಳನೆಯ ಅಂಚು. ಈ ಕ್ರಿಮಿ ಗಂಧಕದ ಅನಿಲ ಬಿಡುತ್ತಂತೆ, ಜೆಲ್ಲಿಯಲ್ಲಿರುವ ಕಬ್ಬಿಣದ ಅಂಶಕ್ಕೆ ಅದು ತಾಗಿ ಕಪ್ಪಾಗುತ್ತಂತೆ. ನೋಡೋಕೆ ಚೆಂದವಾಗಿಯೇ ಇತ್ತು, ಅಪ್ಪನ ಹೊಟ್ಟೆಯಿಂದ ಬಂದಿದ್ದು ಅಂತ ನೆನಪಾಗುವವರೆಗೆ.

"ಕೋಳಿ ಎಷ್ಟು ಹೊತ್ತು ಬೇಯಿಸಿದೆ?" ಅಂತ ಅವಳು ಕೇಳಿದಳು. ಮುಕ್ಕಾಲು ಗಂಟೆ ಕುದಿಸಿದ್ದೆ. "ಹಾಗಾದ್ರೆ ಸಾರಲ್ಲಿ ಇರೋಕೆ ಸಾಧ್ಯಾನೇ ಇಲ್ಲ ಕಣೋ. ತುಂಡಿನ ಒಳಗೆ 74 ಡಿಗ್ರಿ ಮುಟ್ಟಿದ್ರೆ ಮುಗೀತು. ಹಸಿಯಾಗಿ ಏನು ತಿಂದ್ರಿ?"

ಆಗ ಲೆಕ್ಕ ಹಾಕಿದೆ. ಕೋಳಿ ಮುಟ್ಟದ ಅಕ್ಕ ಮಲಗಿದ್ದಳು. ಕೋಳಿ ಬಾರಿಸಿದ ಭಾವ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡು ಜಗಳ ಬೇರೆ ಮಾಡಿ ಬಂದಿದ್ದರು. ಹಸಿರು ಮುಟ್ಟದ ನನ್ನ ಮಗನಿಗೂ ಏನೂ ಆಗಿರಲಿಲ್ಲ. ಮಲಗಿದ ನಾಲ್ಕೂ ಜನ ಚುರುಮುರಿ ತಿಂದವರು. ಸೌತೆಕಾಯಿಯನ್ನು ಯಾರೂ ಲ್ಯಾಬಿಗೆ ಕಳಿಸಿಲ್ಲ ನಿಜ, ಅದು ನಮ್ಮ ಹೊಟ್ಟೆ ಸೇರಿ ಐದು ದಿನ ಆಗಿತ್ತು. ಆದರೆ ಈ ಲೆಕ್ಕ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಮನೆಗೆ ಬಂದು ಈಳಿಗೆಮಣೆಯನ್ನು ಫೋನಿನ ಟಾರ್ಚ್ ಹಾಕಿ ನೋಡಿದೆ. ಅಲಗು ಮರಕ್ಕೆ ಸೇರುವ ಕಡೆ ಒಂದು ಸಂದು. ಕಡ್ಡಿ ಹಾಕಿ ಕೆದಕಿದರೆ ಜಿಡ್ಡು ಜಿಡ್ಡಾದ ಕಂದು ಬಣ್ಣದ್ದೇನೋ ಬಂತು, ಜೊತೆಗೆ ಸೌತೆಕಾಯಿ ಸಿಪ್ಪೆಯ ಒಣಗಿದ ಎಳೆ. ನಲ್ಲಿ ನೀರು ಅಲ್ಲಿಗೆ ಹೋಗೇ ಇಲ್ಲ. ನಾನು ಒರೆಸಿದ ಬಟ್ಟೆಯೂ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಒಳ್ಳೆ ಶಾಖ, ತೇವ ಸಿಕ್ಕರೆ ಈ ಕ್ರಿಮಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ಒಂದೂವರೆಗೆ ಊಟಕ್ಕೆ ಇಟ್ಟ ಸೌತೆಕಾಯಿ ಆರು ಗಂಟೆವರೆಗೆ ಏಪ್ರಿಲ್ ಸೆಕೆಯಲ್ಲಿ ಕೂತಿತ್ತು. 32 ಡಿಗ್ರಿ ದಾಟಿದ ದಿನ ಇಂಥದ್ದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಉಳಿದ ದಿನ ಎರಡು ಗಂಟೆ. ನಾನು ಜಾಲರಿ ಮುಚ್ಚಿ ನೊಣದಿಂದ ಕಾಪಾಡಿದ್ದೆ, ಅಷ್ಟೇ.

ಹೆಂಡತಿ ಬಂದವಳು ಎಲ್ಲ ಕೇಳಿಸಿಕೊಂಡು, ಕೂಗಾಡಲಿಲ್ಲ. ಈಗ ನಮ್ಮ ಮನೆಯಲ್ಲಿ ಹಸಿ ತಿನ್ನುವುದನ್ನೆಲ್ಲ ಮೊದಲು ಹೆಚ್ಚಿ ಫ್ರಿಜ್ಜಿಗಿಡೋದು, ಕೋಳಿ ಆಮೇಲೆ, ಅದಕ್ಕೆ ಬೇರೆಯೇ ಚಾಕು ಮಣೆ. ಕೋಳಿ ತೊಳೆಯಲೇಬೇಡಿ, ಹೇಗೂ ಬೇಯುವಾಗ ಸಾಯುತ್ತೆ, ತೊಳೆದರೆ ಸಿಡಿದು ಅಡುಗೆಮನೆಯೆಲ್ಲ ಹರಡುತ್ತೆ ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ಮಾತ್ರ ಇವಳು ಒಪ್ಪಿಲ್ಲ, ರಕ್ತ ಪುಕ್ಕ ಇರುವುದನ್ನು ಹಾಗೇ ಹಾಕ್ತಾರಾ ಅಂತಾಳೆ. ಆಳದ ಪಾತ್ರೆಯಲ್ಲಿ ನಿಂತ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯೋದು, ಆಮೇಲೆ ಸಿಂಕಿಗೂ ಕೈಗೂ ಸೋಪು ಅಂತ ರಾಜಿಯಾಗಿದೆ. ಅಕ್ಕನ ಮಗಳಿಗೆ ಮಯೋನೀಸ್ ಅಂದರೆ ಪ್ರಾಣ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು ಅಂತ ಹೇಳಿದೆ. "ನಿಮ್ಮ ಸೌತೆಕಾಯಿನ ಯಾವ ರಾಜ್ಯ ನಿಷೇಧ ಮಾಡ್ತು ಮಾವ?" ಅಂದಳು. ಚಿಪ್ಪು ಒಡೆಯದ ಮೊಟ್ಟೆಯ ಒಳಗೂ ಇದು ಇರಬಹುದು ಅಂತ ಅಪ್ಪನ ಕಡೆ ನೋಡಿ ಜೋರಾಗಿ ಹೇಳಿದೆ, ಗರಡಿ ಮಾತು ಅಲ್ಲಿಗೆ ನಿಂತಿತು.

ಅಪ್ಪ ನಾಲ್ಕು ದಿನಕ್ಕೆ ಮನೆಗೆ ಬಂದರು. ವಾಸಿಯಾದ ಮೇಲೂ ಕೆಲವು ವಾರ ಕ್ರಿಮಿ ಹೊರಗೆ ಹೋಗುತ್ತಲೇ ಇರುತ್ತೆ ಅಂತ ಹೇಳಿದ್ದರಿಂದ ಒಂದೂವರೆ ತಿಂಗಳು ಅವರಿಗೆ ಮುದ್ದೆ ಕಟ್ಟೋಕೆ ಬಿಡಲಿಲ್ಲ. ಕಾಯಿಲೆಗಿಂತ ಅದೇ ಅವರಿಗೆ ದೊಡ್ಡ ಬೇಜಾರು. ನನ್ನ ಮುದ್ದೆ ನೋಡಿ ಪ್ರತಿ ದಿನ ಏನಾದರೊಂದು ಅನ್ನುತ್ತಿದ್ದರು.

ಮೂರು ವಾರ ಬಿಟ್ಟು ಕೋಳಿ ಅಂಗಡಿಗೆ ಹೋದೆ. ಭಾವ ಕ್ಷಮೆ ಕೇಳುವ ಪೈಕಿ ಅಲ್ಲ, ನಾನೇ ಕೇಳಬೇಕಿತ್ತು. ಜನ ಕಡಿಮೆಯಾಗುವವರೆಗೆ ಪಕ್ಕದಲ್ಲಿ ನಿಂತಿದ್ದು, ತಪ್ಪು ನಮ್ಮದೇ ಕಣಪ್ಪ, ಮನೆಯಲ್ಲೇ ಎಡವಟ್ಟಾಗಿತ್ತು ಅಂದೆ. ಅವನು ತಲೆ ಎತ್ತಲಿಲ್ಲ, ಕತ್ತಿ ಒರೆಸುತ್ತಿದ್ದ.

"ಅಪ್ಪಾವ್ರು ಹೆಂಗವ್ರೆ?"

"ಪರವಾಗಿಲ್ಲ. ಒಂದು ಕೆಜಿ ಕೊಡು. ಸಣ್ಣಗೆ ಮಾಡು."

ಅಷ್ಟು ಸಣ್ಣಗೆ ಯಾರಿಗೂ ಮಾಡಿಕೊಟ್ಟಿರಲಿಕ್ಕಿಲ್ಲ ಅವನು. ಕೈಮಾ ಆಗುವುದೊಂದು ಬಾಕಿ ಇತ್ತು.