ನಾಲ್ಕನೆಯ ಬೇಡಿಕೆ ಕೊನೆಗೂ ಅಚ್ಚಾಯಿತು

1848ರ ಮಾರ್ಚ್ 15ರಂದು ಹಂಗೇರಿಯ ಪೆಸ್ಟ್ ನಗರದ ಯುವಕರು ಲಾಂಡರರ್ ಮತ್ತು ಹೆಕೆನಾಸ್ಟ್ ಮುದ್ರಣಾಲಯಕ್ಕೆ ನುಗ್ಗಿ, ಜನರ ಹೆಸರಿನಲ್ಲಿ ಯಂತ್ರವನ್ನು ವಶಪಡಿಸಿಕೊಂಡು, ಸೆನ್ಸಾರ್ ಅನುಮತಿಯಿಲ್ಲದೆ ಮುದ್ರಿಸಿದ ಹನ್ನೆರಡು ಬೇಡಿಕೆಗಳ ಹಾಳೆ ನಿಮಗೆ ಗೊತ್ತಿರಬಹುದು. ಯೋಝೆಫ್ ಇರಿನ್ಯಿ ಬರೆದ ಆ ಬೇಡಿಕೆಗಳನ್ನು ಹಂಗೇರಿಯನ್ ಭಾಷೆಯಲ್ಲೇ ಸೀಸದ ಅಚ್ಚುಮೊಳೆ (ಒಂದೊಂದು ಅಕ್ಷರದ ಅಚ್ಚು) ಜೋಡಿಸಿ ಅಚ್ಚು ಹಾಕುತ್ತಿದ್ದೇನೆ. ಚೇಸ್, ಅಂದರೆ ಮೊಳೆಗಳನ್ನು ಹಿಡಿದಿಡುವ ಚೌಕಟ್ಟು, ಬಿಗಿಯುವುದು, ಶಾಯಿ ಹಚ್ಚುವುದು ಯಾವುದೂ ತೊಂದರೆ ಕೊಡಲಿಲ್ಲ. ಕಾಡಿದ್ದು ನಾಲ್ಕನೆಯ ಬೇಡಿಕೆ.

ನಾಗರಿಕ ಮತ್ತು ಧಾರ್ಮಿಕ ವಿಷಯಗಳಲ್ಲಿ ಕಾನೂನಿನ ಮುಂದೆ ಸಮಾನತೆ ಬೇಕು ಎನ್ನುವ ಸಾಲು ಅದು. ಶ್ರೀಮಂತ ಕುಲೀನರಿಗೆ ತೆರಿಗೆಯಿಲ್ಲ, ರೈತನಿಗೆ ಬಿಟ್ಟಿ ದುಡಿಮೆ ತಪ್ಪದು ಎಂಬಂತಿದ್ದ ದೇಶದಲ್ಲಿ ಈ ಸಾಲಿನ ತೂಕವೇ ಬೇರೆ. ಮಸುಕಾಗಿ ಮೂಡಿದರೆ ನನಗೆ ಒಪ್ಪಿಗೆಯಿಲ್ಲ.

ಆ ಸಾಲಿನಲ್ಲಿ ನೆತ್ತಿಯ ಮೇಲೆ ಎರಡು ಓರೆಗೆರೆಗಳಿರುವ ಸ್ವರಾಕ್ಷರ ಎರಡು ಸಲ ಬರುತ್ತದೆ. ಮೊಳೆ ಮಾರುವವರು ಎರಡು ಚುಕ್ಕಿಯ ಅಕ್ಷರ ಕಳುಹಿಸಿ, ಎರಡೂ ಒಂದೇ ಎಂದರು. ಹೇಗೆ ಒಂದೇ? ಹಂಗೇರಿಯನ್ನಿನಲ್ಲಿ ಅವು ಬೇರೆ ಬೇರೆ ಅಕ್ಷರಗಳು! ಹಿಂದಿರುಗಿಸಿಕೊಳ್ಳಲೂ ಒಪ್ಪಲಿಲ್ಲ.

ಆದ್ದರಿಂದ 18 ಪಾಯಿಂಟ್ (ಅಚ್ಚಿನ ಅಳತೆ) ಗಾತ್ರದ ಮೊಳೆಯ ಚುಕ್ಕಿಗಳನ್ನು ಅರದಿಂದ ಉಜ್ಜಿ ತೆಗೆದು, ಅಲ್ಲಿ ಸಣ್ಣ ಸೀಳು ಕೊರೆದು, ಹಿತ್ತಾಳೆ ರೂಲಿನ (ಗೆರೆ ಅಚ್ಚು ಹಾಕುವ ತೆಳು ಪಟ್ಟಿಯ) ಚೂರುಗಳನ್ನು ಓರೆಯಾಗಿ ಕೂರಿಸಿದೆ. ಬೆಸುಗೆಯ ಕಾವಿಗೆ ಸೀಸವೇ ಕರಗುತ್ತದೆ, ಹಾಗಾಗಿ ಅಂಟೇ ಗತಿ. ಸಾಮಾನ್ಯ ಅಂಟು ಸೀಮೆಎಣ್ಣೆಯಲ್ಲಿ ತೊಳೆದೊಡನೆ ಬಿಟ್ಟುಕೊಂಡಿತು. ಎಪಾಕ್ಸಿ ಎಂಬ ಗಟ್ಟಿ ಅಂಟು ಹಿಡಿಯಿತು, ಆದರೆ ಗೆರೆಗಳು ಅಕ್ಷರದ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿ ಶಾಯಿಯೇ ತಾಗಲಿಲ್ಲ. ಕೊನೆಗೆ ಅಂಟು ಹಿಡಿಯದಂತೆ ದಪ್ಪ ಗಾಜಿಗೆ ತೆಳುವಾಗಿ ಮೇಣ ಸವರಿ, ಮೊಳೆಯನ್ನು ಮುಖ ಕೆಳಗಾಗಿ ನಿಲ್ಲಿಸಿ, ಹಿತ್ತಾಳೆಯೂ ಗಾಜಿಗೆ ತಾಗುವಂತೆ ಒತ್ತಿ ಒಣಗಲು ಬಿಟ್ಟೆ. ಅಕ್ಷರ, ಗೆರೆ ಎರಡೂ ಒಂದೇ ಮಟ್ಟಕ್ಕೆ ಬಂದವು. ಹಾಳೆ ಎತ್ತಿದಾಗ ಎರಡೂ ಗೆರೆಗಳು ಕಪ್ಪಗೆ, ಚೂಪಾಗಿ ಇದ್ದವು. ಕುಣಿಯುವಷ್ಟು ಖುಷಿಯಾಯಿತು.

ಮುಂದಿನದನ್ನೂ ಆಗಲೇ ಗೊತ್ತು ಮಾಡಿಕೊಂಡಿದ್ದೇನೆ: 1848ರ 18ನೆಯ ಕಾನೂನು, ಅಂದರೆ ಪತ್ರಿಕಾ ಕಾನೂನು. ಏಪ್ರಿಲ್ 11ರಂದು ದೊರೆ ಫರ್ಡಿನಾಂಡ್ ಅಂಕಿತ ಹಾಕಿದ ಕಾನೂನುಗಳಲ್ಲಿ ಅದೂ ಒಂದು. ಪೂರ್ವ ಸೆನ್ಸಾರ್ ಹೋಯಿತು, ಪತ್ರಿಕಾ ಅಪರಾಧಗಳ ವಿಚಾರಣೆಗೆ ಜ್ಯೂರಿ ಬಂತು. ಆದರೆ ದಿನಪತ್ರಿಕೆ ಹೊರಡಿಸಲು 10,000 ಫೋರಿಂಟ್ (ಹಂಗೇರಿಯ ಹಣ) ಠೇವಣಿ ಇಡಬೇಕಿತ್ತು. ಕರಡಿನಲ್ಲಿ 20,000 ಇತ್ತು. ಪೆಸ್ಟ್ ಯುವಕರು ಆ ಕರಡನ್ನೇ ಸುಟ್ಟಿದ್ದರು. ಮೊತ್ತ ಅರ್ಧಕ್ಕಿಳಿದರೂ ಬಡ ಪತ್ರಕರ್ತನಿಗೆ ಬಾಗಿಲು ಮುಚ್ಚಿಯೇ ಇತ್ತು. ಠೇವಣಿಯ ಆ ಕಲಮನ್ನು ಬೇಡಿಕೆಗಳ ಹಾಳೆಯ ಪಕ್ಕದಲ್ಲೇ, ಅದೇ ಅಳತೆಯ ಕಾಗದದಲ್ಲಿ ಅಚ್ಚು ಹಾಕಬೇಕು. ಅದಕ್ಕೆ ಇನ್ನೊಂದು ಸ್ವರಕ್ಕೂ ಇದೇ ಎರಡು ಗೆರೆ ಕೂರಿಸಬೇಕಾಗುತ್ತದೆ, ಹಿತ್ತಾಳೆ ರೂಲು ಮುಗಿದಿದೆ. ಒಂದೂವರೆ ಪಾಯಿಂಟಿನದು ಯಾರಲ್ಲಾದರೂ ಇದ್ದರೆ ತಿಳಿಸಿ.