ಸೀತಾನದಿಯಲ್ಲಿ ಮೀನು ಎಣಿಸಿದ ದಿನ

ಜನವರಿಯ ಒಂದು ಶನಿವಾರ. ಹೆಬ್ರಿ ಪೇಟೆಯಲ್ಲಿ ಬಿಸಿ ಗೋಳಿಬಜೆ ತಿಂದು, ಚಾ ಕುಡಿದು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗೆಳೆಯನ ಜೊತೆ ಸೀತಾನದಿ ಕಡೆ ಹೊರಟೆ. ಅಭಯಾರಣ್ಯದ ಒಳಗೆ ಹೋಗಲಿಲ್ಲ. ಅವನ ಭಾವನ ಅಡಿಕೆ ತೋಟದ ಬದಿಯಲ್ಲೇ ಹೊಳೆಗಿಳಿದೆವು. ಬಲೆ ಇಲ್ಲ, ಗಾಳ ಇಲ್ಲ. ಈಜುವ ಕನ್ನಡಕ, ನೋಟ್‌ಬುಕ್, ಪೆನ್ಸಿಲ್ ಅಷ್ಟೇ. ಈ ತುಂಡು ಹೊಳೆಯಲ್ಲಿ ಎಷ್ಟು ಜಾತಿ ಮೀನಿರಬಹುದು ಅಂತ ನೋಡಬೇಕಿತ್ತು.

ಆಗುಂಬೆ ಕಡೆಯಿಂದ ಇಳಿದು ಬರುವ ನೀರು. ಮುಖ ಮುಳುಗಿಸಿದ ಕೂಡಲೇ ಮೈ ಜುಂ ಅಂದಿತು. ಆಮೇಲೆ ಕಂಡದ್ದೇ ಬೇರೆ ಲೋಕ. ಬಾಲದ ಹತ್ತಿರ ಕಪ್ಪು ಬೊಟ್ಟಿಟ್ಟುಕೊಂಡ ಮೀನುಗಳ ಹಿಂಡು. ಗಂಡುಗಳ ಬೆನ್ನ ರೆಕ್ಕೆಯಿಂದ ದಾರದಂಥ ಎಳೆಗಳು. ಕೆಳಗೆ ಬಂಡೆಗೆ ಬಾಯಿಯಿಂದ ಅಂಟಿಕೊಂಡವು, ನೀರು ಎಷ್ಟು ಎಳೆದರೂ ಬಿಡುವುದಿಲ್ಲ. ಮತ್ತೊಂದರ ಮೈಮೇಲೆ ಎರಡು ಸಾಲು ಚುಕ್ಕಿ. ಅದನ್ನು 1849ರಲ್ಲಿ ಜೆರ್ಡನ್ ಎಂಬ ಡಾಕ್ಟರು ಗುರುತಿಸಿ, ಕೆನರಾದ ಹೆಸರನ್ನೇ ಸೇರಿಸಿ 'ಕೆನರೆನ್ಸಿಸ್' ಎಂದು ಕರೆದರು. ನಮ್ಮ ಜಿಲ್ಲೆಯ ಹಳೆ ಹೆಸರು ಹೊತ್ತ ಮೀನು ನನ್ನ ಮೂಗಿನೆದುರೇ ತಿರುಗಿತು. ತುಂಬಾ ಖುಷಿಯಾಯಿತು.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ 2011ರ ವರದಿಯ ಪ್ರಕಾರ ಪಶ್ಚಿಮ ಘಟ್ಟದ ಸಿಹಿನೀರಿನಲ್ಲಿ 290 ಜಾತಿ ಮೀನುಗಳಿವೆ. ಅದರಲ್ಲಿ 189 ಬೇರೆಲ್ಲೂ ಸಿಗುವುದಿಲ್ಲ. ಹೀಗಿರುವಾಗ ಬೇಸಿಗೆಯಲ್ಲಿ ಹೊಳೆಗುಂಡಿಗೆ ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವುದು ಎಂಥ ಅನ್ಯಾಯ, ಅಲ್ವಾ? ಒಂದು ಗುಂಡಿ ಖಾಲಿಯಾದರೆ ಅದರಲ್ಲಿ ಏನೇನಿತ್ತು ಅಂತಲೂ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಪಾರೆಕಲ್ಲಿನ ಮೇಲೆ ಕೂತು ಲೆಕ್ಕ ನೋಡಿದೆವು. 14 ಜಾತಿ ಸಿಕ್ಕಿತ್ತು. "ಕಂಡದ್ದನ್ನು ಎಣಿಸಿದರೆ ಸಾಲದು, ಕಾಣದ್ದನ್ನೂ ಎಣಿಸಬೇಕು" ಅಂದ ಗೆಳೆಯ. ಅದಕ್ಕೊಂದು ದಾರಿ ಇದೆ. ಆನ್ ಚಾವೋ ಎಂಬ ಸಂಖ್ಯಾಶಾಸ್ತ್ರಜ್ಞೆ 1984ರಲ್ಲಿ ತೋರಿಸಿದ್ದು. ಒಂದೇ ಒಂದು ಮೀನು ಕಂಡ ಜಾತಿಗಳು ಎಷ್ಟು, ಎರಡೇ ಕಂಡವು ಎಷ್ಟು ಅಂತ ನೋಡಬೇಕು. ಒಂಟಿಯಾಗಿ ಕಂಡವು ಜಾಸ್ತಿ ಇದ್ದರೆ ಅಡಗಿಕೊಂಡವೂ ಜಾಸ್ತಿ. ನಮ್ಮ ಪಟ್ಟಿಯಲ್ಲಿ ಒಂಟಿ 4, ಜೋಡಿ 2. ನಾಲ್ಕರ ವರ್ಗ 16, ಅದನ್ನು ಎರಡರ ಎರಡು ಪಟ್ಟಿನಿಂದ, ಅಂದರೆ 4ರಿಂದ ಭಾಗಿಸಿದರೆ 4. ಹದಿನಾಲ್ಕಕ್ಕೆ ನಾಲ್ಕು ಸೇರಿ, ಕಡಿಮೆ ಅಂದರೂ 18.

ಹೊರಡುವ ಹೊತ್ತು. ಚಪ್ಪಲಿ ತೊಳೆಯಲು ಬಗ್ಗಿದವನು ಸುಮ್ನೆ ಒಂದು ಕಲ್ಲು ಸರಿಸಿದೆ. ಕಿರುಬೆರಳಿನಷ್ಟು ಉದ್ದದ, ಮೀಸೆ ಇರುವ, ಪಟ್ಟೆಪಟ್ಟೆ ಮೀನೊಂದು ಮರಳಿನಿಂದ ಎದ್ದು ಪಕ್ಕದ ಕಲ್ಲಿನಡಿ ನುಗ್ಗಿತು. ಪಟ್ಟಿಯಲ್ಲಿ ಇಲ್ಲದ್ದು! ಜಾತಿ 15, ಒಂಟಿ 5. ಗೆಳೆಯ ಅಲ್ಲೇ ನಿಂತು ಮತ್ತೆ ಗುಣಿಸಿ, ಭಾಗಿಸಿದ. ಒಂದು ಮೀನು ಸಿಕ್ಕಿ ಅಂದಾಜು 21 ದಾಟಿತ್ತು. ನಾವು ಚೀಲ ಕೆಳಗಿಟ್ಟು ಮತ್ತೆ ನೀರಿಗಿಳಿದೆವು.