ಬೆಳಕಿಗೆ ಹಿಡಿದ ಹಾಳೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಾನು ಓದಿದ ಪಾಲಿಟೆಕ್ನಿಕ್ಕಿನ ಮುದ್ರಣ ವಿಭಾಗದಿಂದ ಫೋನ್ ಬಂದಾಗ ನಾನು ಮೊದಲು ಕೇಳಿದ್ದು ಎಷ್ಟು ಪುಟ, ಯಾವ ಅಳತೆ, ಕಾಗದ ಎಷ್ಟು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ) ಎಂದು. ಆ ಕಡೆಯ ವಿದ್ಯಾರ್ಥಿನಿ ನಕ್ಕುಬಿಟ್ಟಳು. "ಸರ್, ನೀವು ಕೊಡಬೇಕಾದದ್ದು ಲೇಖನ, ಕೊಟೇಶನ್ ಅಲ್ಲ" ಎಂದಳು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕಳೆದವನಿಗೆ ಬೇರೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು?

ನಾನು ಮುದ್ರಣ ಡಿಪ್ಲೊಮಾಕ್ಕೆ ಸೇರಿದ್ದು 1991ರಲ್ಲಿ. ನಮ್ಮದು ಗದಗ ಸೀಮೆ. ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಆ ಕಾಶಿಯಲ್ಲಿ ನನ್ನ ಸೋದರಮಾವನದೂ ಒಂದು ಸಣ್ಣ ಗುಡಿಯಿತ್ತು: ಕಾಲಿನಿಂದ ತುಳಿಯುವ ಅಚ್ಚುಯಂತ್ರ, ಅಂದರೆ ಒಂದು ಟ್ರೆಡಲ್, ಒಂದು ಕಟಿಂಗ್ ಮಷೀನ್, ಗೋಡೆಗೆ ಒರಗಿಸಿದ ಮೊಳೆಯ, ಅಂದರೆ ಸೀಸದ ಅಕ್ಷರಗಳ, ಕೇಸುಗಳು. ಇಂಗ್ಲಿಷಿನಂತೆ ಕನ್ನಡಕ್ಕೆ ಒಂದೆರಡು ಕೇಸು ಸಾಲುವುದಿಲ್ಲ. ಕಾಗುಣಿತಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ಮದುವೆಯ ಹಂಗಾಮು ಬಂತೆಂದರೆ 'ಶ್ರೀ' ಮೊಳೆಗಳು ಮುಗಿದುಹೋಗುತ್ತಿದ್ದವು. ಒಬ್ಬರ ಲಗ್ನಪತ್ರಿಕೆ ಅಚ್ಚಾಗಿ ಮೊಳೆ ಬಿಚ್ಚುವವರೆಗೆ ಇನ್ನೊಬ್ಬರ ಲಗ್ನಪತ್ರಿಕೆ ಕಾಯಬೇಕಿತ್ತು. ರಜೆಯಲ್ಲಿ ಬಿಚ್ಚಿದ ಮೊಳೆಗಳನ್ನು ಅವುಗಳ ಮನೆಗೆ ಹಾಕುವ ಕೆಲಸ ನನ್ನದು. ತಪ್ಪು ಮನೆಗೆ ಬಿದ್ದ ಒಂದು ಮೊಳೆಯಿಂದ ಮುಂದಿನ ವಾರ ಯಾರದೋ ಅಜ್ಜನ ಹೆಸರು ಕೆಡುತ್ತಿತ್ತು. ನಾನು ಡಿಪ್ಲೊಮಾ ಮುಗಿಸಿ ಬರುವ ಹೊತ್ತಿಗೆ ಮಾವ ಆ ಮೊಳೆಗಳನ್ನೆಲ್ಲ ತೂಕಕ್ಕೆ ಮಾರಿ ಕನ್ನಡ ಅಕ್ಷರ ಜೋಡಿಸುವ ಶ್ರೀಲಿಪಿ ತಂತ್ರಾಂಶ ಹಾಕಿದ ಕಂಪ್ಯೂಟರ್ ತಂದು ಕೂರಿಸಿದ್ದರು. ಮೊಳೆ ಜೋಡಿಸುತ್ತಿದ್ದ ಅವರ ಕಾಂಪೋಸಿಟರ್ ಬೈಂಡಿಂಗಿಗೆ ಹೋದರು. ಮೊಳೆ ಜೋಡಿಸುವ ಕೈಪಟ್ಟಿಯಾದ ಸ್ಟಿಕ್‌ನಲ್ಲಿನ ಅಕ್ಷರಗಳನ್ನು ತಲೆಕೆಳಗಾಗಿಯೇ ಓದಿ ಕರಡು ತಿದ್ದುತ್ತಿದ್ದ ಮನುಷ್ಯ ಆಮೇಲೆ ಸುತ್ತಿಗೆ ಹಿಡಿದು ಪುಸ್ತಕದ ಬೆನ್ನು ಬಡಿಯುತ್ತ ಕುಳಿತರು.

ಪಾಲಿಟೆಕ್ನಿಕ್ಕಿನಲ್ಲಿ ನಮಗೆಲ್ಲ ಒಂದೇ ಕನಸು: ಕ್ಯಾಮೆರಾ ರೂಮು. ಅಲ್ಲಿ ಏಸಿ ಇತ್ತು, ಬಿಳಿ ಅಂಗಿ ಬಿಳಿಯಾಗಿಯೇ ಉಳಿಯುತ್ತಿತ್ತು. ಅಚ್ಚಾಗಬೇಕಾದ ಪುಟಗಳ ಫಿಲ್ಮ್ ತೆಗೆಯುವುದು, ಬಣ್ಣ ಬೇರ್ಪಡಿಸುವುದು, ಸಣ್ಣ ಕುಂಚದಿಂದ ಪಾಸಿಟಿವ್ ಫಿಲ್ಮ್ ತಿದ್ದುವುದು, ಇವೆಲ್ಲ ಕಲಾವಿದರ ಕೆಲಸದಂತೆ ತೋರುತ್ತಿದ್ದವು. ಮಷೀನ್ ಹಾಲ್ ಎಂದರೆ ಸೀಮೆಎಣ್ಣೆಯ ವಾಸನೆ, ಉಗುರುಸಂದಿಯ ಮಸಿ, ಕಿವಿಗಡಚಿಕ್ಕುವ ಸದ್ದು. ಅಂಕ ಕಡಿಮೆ ಬಂದವರು ಅಲ್ಲಿಗೆ ಹೋಗುತ್ತಾರೆ ಎಂಬುದು ನಮ್ಮ ನಡುವಿನ ಅಲಿಖಿತ ಶಾಸನ.

ಮಷೀನ್ ಹಾಲಿನ ಗುರುಗಳಿಗೆ ಇದು ಗೊತ್ತಿತ್ತು. ಕಳಮಶ್ಶೇರಿಯಿಂದ ಬಂದ ಎಚ್‌ಎಂಟಿ ಆಫ್‌ಸೆಟ್ ಯಂತ್ರದ ಮುಂದೆ ನಮ್ಮನ್ನು ನಿಲ್ಲಿಸಿ, ಮೊದಲ ತಿಂಗಳು ಗುಂಡಿ ಒತ್ತುವುದಕ್ಕೂ ಬಿಡಲಿಲ್ಲ. ಕಾಗದಕ್ಕೆ ಗಾಳಿ ಕೊಡುವುದೊಂದೇ ಪಾಠ. ಒಂದು ಹಿಡಿ ಹಾಳೆಯನ್ನು ಎರಡು ಮೂಲೆಗಳಲ್ಲಿ ಹಿಡಿದು, ಒಳಕ್ಕೆ ಬಾಗಿಸಿ, ಹೆಬ್ಬೆರಳು ಸಡಿಲಿಸಿ ಬಿಟ್ಟರೆ ಹಾಳೆಗಳ ನಡುವೆ ಗಾಳಿ ನುಗ್ಗಬೇಕು. ನುಗ್ಗಿದ್ದು ಕೈಗೆ ತಿಳಿಯುತ್ತದೆ, ಹಿಡಿಯಲ್ಲಿನ ಕಾಗದ ಒಮ್ಮೆಲೇ ಹಗುರಾಗುತ್ತದೆ. ಆಮೇಲೆ ಮೇಜಿಗೆ ತಟ್ಟಿ ಅಂಚು ಕೂಡಿಸಬೇಕು. ಇದು ಸರಿಯಾಗದಿದ್ದರೆ ಯಂತ್ರದ ಸಕ್ಕರ್ ಎರಡು ಹಾಳೆ ಒಟ್ಟಿಗೆ ಎತ್ತಿ ಒಳಗೆ ತಳ್ಳುತ್ತದೆ, ಕಾಗದಕ್ಕೆ ಅಚ್ಚೊತ್ತುವ ರಬ್ಬರ್ ಹೊದಿಕೆ, ಅಂದರೆ ಬ್ಲ್ಯಾಂಕೆಟ್, ಜಜ್ಜಿಹೋಗುತ್ತದೆ. ಮೊದಲ ವಾರವೆಲ್ಲ ಕೈ ಬೆರಳುಗಳಲ್ಲಿ ಕಾಗದ ಕೊಯ್ದ ಗೀರುಗಳು. ರಾತ್ರಿ ಹಾಸ್ಟೆಲಿನಲ್ಲಿ ಸಾರು ಕಲಸುವಾಗ ಒಂದೊಂದೂ ತನ್ನ ಹಾಜರಿ ಹೇಳುತ್ತಿತ್ತು.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಆಫ್‌ಸೆಟ್ ಮುದ್ರಣದ ಗುಟ್ಟು ಅಷ್ಟೇ. ಅದನ್ನು ಗುರುಗಳು ಮಂಗಳೂರಿನಿಂದ ಶುರುಮಾಡಿ ಹೇಳಿದ್ದು ನೆನಪಿದೆ. 1843ರಲ್ಲಿ ಬಾಸೆಲ್ ಮಿಷನ್ನಿನವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಮೊಳೆ ಜೋಡಿಸಿ ಅಲ್ಲ, ಕಲ್ಲಚ್ಚಿನಲ್ಲಿ. ಜಿಡ್ಡಿನ ಮಸಿಯಿಂದ ಬರೆದ ಕಲ್ಲನ್ನು ಒದ್ದೆ ಮಾಡಿದರೆ ಬರಹವಿದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರಿದ್ದಲ್ಲಿ ಮಸಿ ಹತ್ತುವುದಿಲ್ಲ. "ನಿಮ್ಮ ಅಲ್ಯುಮಿನಿಯಂ ಪ್ಲೇಟು ಆ ಕಲ್ಲಿನ ಮೊಮ್ಮಗ" ಎಂದು, ಪುಟಗಳ ಅಚ್ಚು ಮೂಡಿಸಿದ ತಗಡನ್ನು ತೋರಿಸಿ ಹೇಳುತ್ತಿದ್ದರು. ಅಚ್ಚಾದ ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಾಳೆಯ ಮುಂಬದಿಯ ಪುಟಸಂಖ್ಯೆಯ ನೆರಳಿನ ಮೇಲೆಯೇ ಹಿಂಬದಿಯ ಪುಟಸಂಖ್ಯೆ ಕುಳಿತಿದೆಯೇ ಎಂದು ನೋಡುವುದು ಅವರ ಚಾಳಿ. ಅದಾಗದೆ ಎರಡನೆಯ ಹಾಳೆ ಬಿಡುತ್ತಿರಲಿಲ್ಲ. ನಮಗೆ ಅದು ವಯಸ್ಸಾದವರ ಗೀಳಿನಂತೆ ಕಾಣುತ್ತಿತ್ತು.

1994ರಲ್ಲಿ ಡಿಪ್ಲೊಮಾ ಮುಗಿಯಿತು. ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷದ ತರಬೇತಿಗೆ ಬೆಂಗಳೂರಿನ ಪ್ರೆಸ್ಸೊಂದಕ್ಕೆ ಹೋದೆ. ಕ್ಯಾಮೆರಾ ವಿಭಾಗದಲ್ಲಿ ಜಾಗವಿಲ್ಲ, ಮಷೀನಿಗೆ ಹೋಗು ಎಂದರು. ಆಗ ಅತ್ತೇ ಬಿಡಬೇಕೆನಿಸಿತ್ತು. ಡಿಪ್ಲೊಮಾ ಇದ್ದರೇನು, ಅಲ್ಲಿ ನಾನು ಹೆಲ್ಪರ್. ರೋಲರ್ ತೊಳೆಯುವುದು, ರೀಮು ಒಡೆಯುವುದು, ಆಪರೇಟರ್ ಕಾಕಾನಿಗೆ ಚಹಾ ತರುವುದು. ಪ್ರೆಸ್ಸಿನಲ್ಲಿ ಏಣಿಯ ಮೆಟ್ಟಿಲುಗಳು ಸ್ಪಷ್ಟ: ಹೆಲ್ಪರ್, ಫೀಡರ್, ಎರಡನೆಯ ಆಪರೇಟರ್, ಆಪರೇಟರ್, ಆಮೇಲೆ ಪಾಳಿಯ ಸೂಪರ್‌ವೈಸರ್. ಓದಿದವನು ಈ ಏಣಿಯನ್ನು ಬೇಗ ಹತ್ತಬಹುದು, ಮೆಟ್ಟಿಲು ಹಾರುವಂತಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅರ್ಧ ತರಗತಿ ಬೇರೆ ವಿಭಾಗಕ್ಕೆ ಹೋಗುತ್ತಿತ್ತೋ ಏನೋ.

ಎರಡನೆಯ ಆಪರೇಟರ್ ಆದ ವರ್ಷ ಮಾಡಿದ ಎಡವಟ್ಟನ್ನು ಹೇಳಲೇಬೇಕು. ಸಹಕಾರಿ ಸಂಘವೊಂದರ ವಾರ್ಷಿಕ ವರದಿ. ಹಾಳೆಯ ಎರಡೂ ಬದಿಯ ಪುಟಗಳು ಒಂದೇ ಪ್ಲೇಟಿನಲ್ಲಿದ್ದವು. ಒಂದು ಬದಿ ಅಚ್ಚಾದ ಮೇಲೆ ಕಾಗದ ಮಗುಚಿ ಅದೇ ಪ್ಲೇಟಿನಿಂದ ಬೆನ್ನಿಗೂ ಅಚ್ಚು ಹಾಕುವುದು. ಇದಕ್ಕೆ ನಮ್ಮಲ್ಲಿ ಸೆಲ್ಫ್ ಬ್ಯಾಕ್ ಎನ್ನುತ್ತಾರೆ. ಹಾಳೆ ಮಗುಚಿದಾಗ ಗ್ರಿಪ್ಪರ್ ಹಿಡಿಯುವ ಅಂಚು ಅದೇ ಇರುತ್ತದೆ, ಪಕ್ಕದ ಅಂಚು ಮಾತ್ರ ಆಚೆ ಬದಿಗೆ ಹೋಗುತ್ತದೆ. ಆದ್ದರಿಂದ ಹಾಳೆಯನ್ನು ಪಕ್ಕದಿಂದ ಸರಿಹೊಂದಿಸುವ ಸೈಡ್ ಲೇಯನ್ನೂ ಆಚೆ ಬದಿಗೆ ಬದಲಿಸಬೇಕು. ರಾತ್ರಿ ಪಾಳಿ, ಎರಡು ಗಂಟೆಯ ಹೊತ್ತು, ಕಾಕಾ ಊಟಕ್ಕೆ ಹೋಗಿದ್ದರು. ನಾನು ಬದಲಿಸಲಿಲ್ಲ. ಕಾಗದದ ಕಟಿಂಗ್ ಹಾಳೆಯಿಂದ ಹಾಳೆಗೆ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಇತ್ತು. ಒಂದೇ ಅಂಚನ್ನು ನಂಬಿದ್ದರೆ ಆ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. ಕಾಕಾ ಬಂದು, ಅಚ್ಚಾದ ಹಾಳೆ ಬೀಳುವ ಡೆಲಿವರಿಯಿಂದ ಒಂದು ಹಾಳೆ ಎಳೆದು ಟ್ಯೂಬ್‌ಲೈಟಿಗೆ ಹಿಡಿದರು. ಜಮಾ ಖರ್ಚಿನ ಪಟ್ಟಿಯ ಗೆರೆಗಳು ಒಂದರ ಮೇಲೊಂದು ಕೂರದೆ ರೈಲು ಹಳಿಯಂತೆ ಜೋಡಿಯಾಗಿ ಓಡುತ್ತಿದ್ದವು. ಮುಂದಿನ ಹಾಳೆಯಲ್ಲಿ ಹಳಿಗಳ ನಡುವಿನ ಅಂತರವೇ ಬೇರೆ. ಅಷ್ಟರಲ್ಲಿ ಮೂರು ಸಾವಿರ ಹಾಳೆ, ಅಂದರೆ ಆರು ರೀಮು, ಆಚೆ ಬಿದ್ದಿತ್ತು. "ತಮ್ಮಾ, ಹಾಳೆಯನ್ನು ಬೆಳಕಿಗೆ ಹಿಡಿಯುವುದನ್ನು ನಿಮ್ಮ ಕಾಲೇಜಿನಲ್ಲಿ ಕಲಿಸಲಿಲ್ಲವೇ?" ಎಂದರು ಕಾಕಾ. ಮಾಲೀಕರು ಒಂದು ಮಾತೂ ಬಯ್ಯಲಿಲ್ಲ. ಆರು ರೀಮಿನ ಬೆಲೆಯನ್ನು ಮೂರು ಕಂತಿನಲ್ಲಿ ಸಂಬಳದಿಂದ ಮುರಿದುಕೊಂಡರು.

ಕ್ಯಾಮೆರಾ ರೂಮಿಗೆ ಹೋದ ನನ್ನ ನಾಲ್ವರು ಸಹಪಾಠಿಗಳ ಕಥೆ ಬೇರೆಯೇ ಆಯಿತು. ಮೊದಲು ಕಂಪ್ಯೂಟರಿನಿಂದ ನೇರವಾಗಿ ಫಿಲ್ಮ್ ಬರತೊಡಗಿತು, ಕ್ಯಾಮೆರಾ ಮೂಲೆ ಸೇರಿತು. ಆಮೇಲೆ ಲೇಸರ್ ನೇರವಾಗಿ ಪ್ಲೇಟಿನ ಮೇಲೆಯೇ ಬರೆಯುವ ಸಿಟಿಪಿ ಬಂತು, ಫಿಲ್ಮ್ ಕೂಡ ಬೇಡವಾಯಿತು. ಫಿಲ್ಮ್ ತಿದ್ದುವ ರಿಟಚಿಂಗ್, ಫಿಲ್ಮ್ ಜೋಡಿಸಿ ಅಂಟಿಸುವ ಪೇಸ್ಟಿಂಗ್ ಎಂಬ ಹುದ್ದೆಗಳೇ ಹೋದವು. ನಾಲ್ವರಲ್ಲಿ ಒಬ್ಬ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವುದನ್ನು ಕಲಿತು ಇಂದಿಗೂ ಒಳ್ಳೆಯ ಸ್ಥಿತಿಯಲ್ಲಿದ್ದಾನೆ. ಒಬ್ಬ ಎಸ್ಟಿಮೇಟರ್ ಆದ. ದರ ಹಾಕುವುದೆಂದರೆ ಗುಮಾಸ್ತನ ಕೆಲಸ ಎಂದು ನಾವು ನಗುತ್ತಿದ್ದೆವು. ಆದರೆ ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದು. ಒಂದು ಹಾಳೆಯಲ್ಲಿ ಎಷ್ಟು ಪುಟ ಕೂರಿಸಬಹುದು, ವೇಸ್ಟೇಜ್ ಎಷ್ಟು ಬಿಡಬೇಕು ಎಂಬ ಲೆಕ್ಕ ತಪ್ಪಿದರೆ ಪ್ರೆಸ್ಸು ರಾತ್ರಿ ಹಗಲು ದುಡಿದೂ ಸೋಲುತ್ತದೆ. ಉಳಿದಿಬ್ಬರು ಮುದ್ರಣವನ್ನೇ ಬಿಟ್ಟರು.

ತರಗತಿಯಲ್ಲಿದ್ದ ಇಬ್ಬರೇ ಹುಡುಗಿಯರಲ್ಲಿ ಒಬ್ಬಳು ಈಗ ಔಷಧದ ಪೆಟ್ಟಿಗೆ ಅಚ್ಚುಹಾಕುವ ಕಾರ್ಖಾನೆಯಲ್ಲಿ ಗುಣಮಟ್ಟದ ಮುಖ್ಯಸ್ಥೆ. ಒಂದು ಮಾತ್ರೆಯ ಪೆಟ್ಟಿಗೆಗಳ ನಡುವೆ ಇನ್ನೊಂದು ಮಾತ್ರೆಯ ಪೆಟ್ಟಿಗೆ ಒಂದೇ ಒಂದು ಸೇರಿದರೂ ಇಡೀ ಲಾಟ್ ವಾಪಸು ಬರುತ್ತದಂತೆ. ನನ್ನ ಆರು ರೀಮಿನ ಕಥೆ ಕೇಳಿ ಅವಳಿಗೆ ನಗೆ ಬಂತು. ಮತ್ತೊಬ್ಬ ಮೈಸೂರಿನ ನೋಟು ಮುದ್ರಣಾಲಯದಲ್ಲಿದ್ದಾನೆ. ಕೆಲಸ ಹೇಗಿದೆ ಎಂದು ಎಷ್ಟು ಸಲ ಕೇಳಿದರೂ "ನಡೆದಿದೆ" ಎಂಬ ಒಂದೇ ಉತ್ತರ. ಯಂತ್ರ ಕಂಪನಿಯ ಸರ್ವಿಸ್ ಎಂಜಿನಿಯರ್ ಆದವನೊಬ್ಬ ತಿಂಗಳಿಗೆ ಹದಿನೈದು ದಿನ ಶಿವಕಾಶಿಯಲ್ಲೇ ಇರುತ್ತಾನೆ, ತಮಿಳಿನಲ್ಲಿ ಜಗಳವಾಡುವಷ್ಟು ಪಳಗಿದ್ದಾನೆ.

ಯಾರಿಗೂ ಬೇಡವಾಗಿದ್ದ ಮಷೀನ್ ಹಾಲ್ ಮಾತ್ರ ಉಳಿದುಕೊಂಡಿತು. ಅದೂ ಬದಲಾಗಿದೆ. ಮಾವನ ಟ್ರೆಡಲ್ ಗಂಟೆಗೆ ಸಾವಿರ ಹಾಕಿದರೆ ದೊಡ್ಡದು. ನಾನೀಗ ನೋಡಿಕೊಳ್ಳುವ ನಾಲ್ಕು ಬಣ್ಣದ ಯಂತ್ರ ಗಂಟೆಗೆ 15,000 ಹಾಳೆ ಉಗುಳುತ್ತದೆ. ಮಸಿಯ ಕೀಲಿಗಳನ್ನು ಕೈಯಿಂದ ತಿರುಗಿಸುವ ಬದಲು ಕನ್ಸೋಲಿನ ಮುಂದೆ ನಿಂತು ಗುಂಡಿ ಒತ್ತುತ್ತಾರೆ. ಆದರೂ ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಂಚು ಅಲೆಯಾಗುವುದು, ಬಣ್ಣಗಳು ಒಂದರ ಮೇಲೊಂದು ಕೂರದೆ ಜಾರುವುದು, ಪ್ಲೇಟು ಒದ್ದೆ ಮಾಡುವ ನೀರಿನ ಪಿಎಚ್, ಅಂದರೆ ಹುಳಿಯ ಅಳತೆ, ಐದರ ಆಸುಪಾಸು ಬಿಟ್ಟು ಅಲುಗಿದರೆ ಪ್ಲೇಟು ಮುನಿಸಿಕೊಳ್ಳುವುದು, ಇವೆಲ್ಲ ಹಾಗೆಯೇ ಇವೆ. ಇದನ್ನು ಗ್ರಹಿಸಬಲ್ಲ ಆಪರೇಟರ್ ಸಿಗುವುದು ಕಷ್ಟ. ಕೆಲಸಕ್ಕೆ ಬರುವ ಹತ್ತು ಹುಡುಗರಲ್ಲಿ ಒಂಬತ್ತು ಮಂದಿ ಡಿಸೈನ್ ವಿಭಾಗ ಕೇಳುತ್ತಾರೆ. ನಾನು ಒತ್ತಾಯಿಸುವುದಿಲ್ಲ, ಮುಚ್ಚಿಡುವುದೂ ಇಲ್ಲ. ಹೆಲ್ಪರನ ಸಂಬಳ ಈಗಲೂ ಕಡಿಮೆ, ರಾತ್ರಿ ಪಾಳಿ ತಪ್ಪಿದ್ದಲ್ಲ, ಚುನಾವಣೆ ಮತ್ತು ಪಠ್ಯಪುಸ್ತಕದ ಹಂಗಾಮಿನಲ್ಲಿ ಭಾನುವಾರವೆಂಬುದು ಕ್ಯಾಲೆಂಡರಿನಲ್ಲಿ ಮಾತ್ರ. ನನ್ನ ಎಡಗಿವಿ ಸ್ವಲ್ಪ ಮಂದವಾಗಿದೆ. ನಮ್ಮ ಕಾಲದಲ್ಲಿ ಕಿವಿಗೆ ಏನೂ ಹಾಕುತ್ತಿರಲಿಲ್ಲ, ಈಗ ಹಾಕದವರನ್ನು ನಾನೇ ಬಯ್ಯುತ್ತೇನೆ.

ಆಯುಧಪೂಜೆಯಂದು ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿ ಕುಂಬಳಕಾಯಿ ಒಡೆದ ಮೇಲೆ ಮೊದಲ ಹಾಳೆ ಎಳೆಯುವುದು ನಮ್ಮಲ್ಲಿ ಅತಿ ಕಿರಿಯ ಹೆಲ್ಪರನ ಹಕ್ಕು. ಕಳೆದ ಸಲ ಎಳೆದವನು ನಿಮ್ಮದೇ ಕಾಲೇಜಿನ ಹುಡುಗ. ಎಳೆದವನೇ ನನ್ನ ಕಡೆಗೂ ನೋಡದೆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಗುರುಗಳ ಚಾಳಿ ವಿಭಾಗದಲ್ಲಿ ಇನ್ನೂ ಉಳಿದಿದೆ ಎಂದಾಯಿತು.

ಈ ಸಂಚಿಕೆಯ ಪ್ರತಿ ಕೈಗೆ ಬಂದಾಗ ನಾನೂ ನನ್ನ ಲೇಖನ ಓದುವ ಮೊದಲು ಆ ಪುಟವನ್ನು ಬೆಳಕಿಗೆ ಹಿಡಿಯುವವನೇ. ಸಂಪಾದಕರು ಮುದ್ರಕರಿಗೆ ಮೊದಲೇ ತಿಳಿಸಿಬಿಡಲಿ.